ಥ್ರೀಡಿ ಸ್ಲೈಸರ್: ದುಡ್ಡು ಕೇಳುವುದಿಲ್ಲ, ಟೈಮ್ ಕೇಳುತ್ತದೆ

ಎಂಆರ್‌ಐ ಚಿತ್ರಗಳಲ್ಲಿ ಭುಜದ ಸ್ನಾಯುಗಳನ್ನು ಅಳೆಯಲು ವರ್ಷಗಳಿಂದ ಥ್ರೀಡಿ ಸ್ಲೈಸರ್ ಬಳಸುತ್ತಿದ್ದೇನೆ. ಫೀಚರ್‌ಗಳ ಪಟ್ಟಿ ಇಲ್ಲಿ ಬೇಡ, ಎಲ್ಲ ಕಡೆ ಸಿಗುತ್ತದೆ. ಸಾಫ್ಟ್‌ವೇರ್ ಪೂರ್ತಿ ಉಚಿತ. ಲೈಸೆನ್ಸಿಗೆ ದುಡ್ಡಿಲ್ಲದ ನನಗೆ ಶುರುವಿನಲ್ಲಿ ಅಷ್ಟೇ ಸಾಕಿತ್ತು. ಆಮೇಲೂ ಬಿಡದೆ ಇಟ್ಟುಕೊಂಡಿದ್ದು ಮಾತ್ರ 'ಫಿಲ್ ಬಿಟ್ವೀನ್ ಸ್ಲೈಸಸ್' ಎಂಬ ಒಂದೇ ಒಂದು ಸೌಲಭ್ಯಕ್ಕಾಗಿ (ಸ್ಲೈಸ್ ಅಂದರೆ ಸ್ಕ್ಯಾನ್‌ನ ಒಂದೊಂದು ಪದರದ ಚಿತ್ರ).

ಕೆಲಸಕ್ಕೆ ಕೂತಾಗ ಮೊದಲು ಕೋಣೆಯ ಲೈಟ್ ಆರಿಸುತ್ತೇನೆ. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ಸ್ನಾಯು ಬೂದು. ಎರಡು ಸ್ನಾಯುಗಳ ನಡುವಿನ ಸಣ್ಣ ಬಿಳಿ ಗೆರೆ ಎದ್ದು ಕಾಣುವ ತನಕ ಕಾಂಟ್ರಾಸ್ಟ್ ತಿದ್ದುತ್ತೇನೆ. ಹೆಗಲೆಲುಬು 'ವೈ' ಅಕ್ಷರದ ಹಾಗೆ ಕಾಣುವ ಸ್ಲೈಸ್ ಹುಡುಕಿ ಅಲ್ಲಿಂದ ಶುರು. ಕವಲಿನ ಮಧ್ಯೆ ಸುಪ್ರಾಸ್ಪೈನೇಟಸ್, ಮುಂದೆ ಸಬ್‌ಸ್ಕ್ಯಾಪುಲಾರಿಸ್, ಹಿಂದೆ ಇನ್ಫ್ರಾಸ್ಪೈನೇಟಸ್, ಅದರ ಕೆಳಗೆ ಪುಟ್ಟ ಟೆರೆಸ್ ಮೈನರ್. ಪೆನ್ ಟ್ಯಾಬ್ಲೆಟ್‌ನಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ಕೆಲವು ಸ್ಲೈಸ್ ಬಿಟ್ಟು ಮತ್ತೆ ಅದೇ ಕೆಲಸ. ಆಮೇಲೆ ಆ ಸೌಲಭ್ಯ ಆನ್ ಮಾಡಿದರೆ ನಡುವೆ ಬಿಟ್ಟಿದ್ದೆಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ಪಕ್ಕದ ಕಿಟಕಿಯಲ್ಲಿ ಸ್ನಾಯು ಮೈ ತುಂಬಿಕೊಂಡು ನಿಲ್ಲುವುದನ್ನು ನೋಡುವ ಖುಷಿ ಇನ್ನೂ ಹಳೇದಾಗಿಲ್ಲ.

ಇಷ್ಟು ಹೊಗಳಿದ ಮೇಲೆ ಟೆರೆಸ್ ಮೈನರ್ ಪುರಾಣ ಹೇಳಲೇಬೇಕು. ಅದಕ್ಕೂ ಇನ್ಫ್ರಾಸ್ಪೈನೇಟಸ್‌ಗೂ ನಡುವಿನ ಗಡಿ ಎಷ್ಟೋ ಸಲ ಕಾಣುವುದೇ ಇಲ್ಲ. ವಯಸ್ಸಾದವರಲ್ಲಿ ಸ್ವಲ್ಪ ಕೊಬ್ಬಿದ್ದರೆ ಗೆರೆ ಸಿಗುತ್ತದೆ. ಗಟ್ಟಿಮುಟ್ಟಾದ ಹುಡುಗರದ್ದೇ ಜಾಸ್ತಿ ಕಷ್ಟ! ಅಲ್ಲಲ್ಲಿ ಹಚ್ಚಿದ ಬಣ್ಣವನ್ನು ತಾನೇ ಬೆಳೆಸಿ ತುಂಬುವ 'ಗ್ರೋ ಫ್ರಮ್ ಸೀಡ್ಸ್' ಕೊಟ್ಟರೆ ಒಂದರ ಬಣ್ಣ ಇನ್ನೊಂದರೊಳಗೆ ಹರಿಯುತ್ತದೆ. ಸಾಫ್ಟ್‌ವೇರನ್ನು ಬೈದು ಏನು ಬಂತು, ಚಿತ್ರದಲ್ಲೇ ಗಡಿ ಇಲ್ಲವಲ್ಲ.

ಸುಮ್ನೆ ಎರಡನ್ನೂ ಸೇರಿಸಿ ಅಳೆದರಾಯಿತು ಅನ್ನುವವರಿದ್ದಾರೆ, ಹಾಗೆ ಮಾಡಿದ ಅಧ್ಯಯನಗಳೂ ಇವೆ. ನನಗೆ ಅದು ಆಗದ ಮಾತು. ಸ್ನಾಯುವಿನ ಗಾತ್ರವನ್ನು ಅದರ ನಾರಿನ ಉದ್ದದಿಂದ ಭಾಗಿಸಿದರೆ ಪಿಸಿಎಸ್‌ಎ (ನಾರುಗಳಿಗೆ ಅಡ್ಡಲಾಗಿ ಕೊಯ್ದರೆ ಬರುವ ವಿಸ್ತೀರ್ಣ) ಸಿಗುತ್ತದೆ, ಭುಜದ ಕಂಪ್ಯೂಟರ್ ಮಾಡೆಲ್‌ನಲ್ಲಿ ಆ ಸ್ನಾಯುವಿನ ಗರಿಷ್ಠ ಬಲ ನಿಂತಿರುವುದು ಅದರ ಮೇಲೆ. ಗಾತ್ರ 10% ತಪ್ಪಿದರೆ ಬಲವೂ 10% ತಪ್ಪುತ್ತದೆ. ಗಡಿ ಚೂರು ಆಚೀಚೆ ಆದರೆ ದೊಡ್ಡ ಇನ್ಫ್ರಾಸ್ಪೈನೇಟಸ್‌ಗೆ ಅದು ಲೆಕ್ಕಕ್ಕೇ ಇಲ್ಲ, ಚಿಕ್ಕ ಟೆರೆಸ್ ಮೈನರ್‌ನ ಸಂಖ್ಯೆ ಮಾತ್ರ ತಲೆಕೆಳಗು. ಹಾಗಾಗಿ ಆ ಜಾಗದಲ್ಲಿ ಒಂದು ಸ್ಲೈಸನ್ನೂ ಬಿಡದೆ ಕೈಯಲ್ಲೇ ಬಿಡಿಸುತ್ತೇನೆ. ನನ್ನ ಟೈಮೆಲ್ಲ ಹೋಗುವುದು ಅಲ್ಲೇ.

ಹೊಸಬರು ಮಾಸ್ಕಿಂಗ್ ಸೆಟ್ಟಿಂಗ್ (ಬಣ್ಣ ಎಲ್ಲಿ ಹತ್ತಬಹುದು, ಎಲ್ಲಿ ಹತ್ತಬಾರದು ಅಂತ ಹೇಳುವುದು) ನೋಡಿಕೊಳ್ಳಿ. ಹಾಗೇ ಬಿಟ್ಟರೆ ಹೊಸ ಬಣ್ಣ ಪಕ್ಕದ ಸ್ನಾಯುವನ್ನು ನುಂಗುತ್ತದೆ. ಸ್ಮೂದಿಂಗ್, ಅಂದರೆ ಅಂಚು ನಯ ಮಾಡುವುದು, ಅತಿಯಾದರೆ ತೆಳ್ಳಗಿನ ಅಂಚುಗಳು ಮಾಯ.

ಒಟ್ಟಿನಲ್ಲಿ ಕಲಿಯುವವರಿಗೆ, ಸಂಶೋಧನೆ ಮಾಡುವವರಿಗೆ ಧಾರಾಳವಾಗಿ ಹೇಳುತ್ತೇನೆ, ತಗೊಳ್ಳಿ. ರೋಗಿಯ ರಿಪೋರ್ಟ್ ಬರೆಯಲು ಇದು ಅಲ್ಲ, ಮಾಡಿದವರೇ ಹಾಗೆ ಹೇಳಿದ್ದಾರೆ. ಇನ್ನೊಂದು ಮಾತು. ಮಾಮೂಲಿ ಭುಜದ ಸ್ಕ್ಯಾನ್‌ನಲ್ಲಿ ಕೀಲಿನ ಸುತ್ತಮುತ್ತ ಮಾತ್ರ ಬರುತ್ತದೆ, ಬೆನ್ನೆಲುಬಿನ ಕಡೆಯ ಹೆಗಲೆಲುಬು ಕತ್ತರಿಸಿ ಹೋಗಿರುತ್ತದೆ. ಪೂರ್ತಿ ಗಾತ್ರ ಬೇಕಿದ್ದರೆ ಒಳ ಅಂಚಿನವರೆಗೂ ಬರಲಿ ಅಂತ ಸ್ಕ್ಯಾನ್‌ಗೆ ಮುಂಚೆಯೇ ಟೆಕ್ನಿಷಿಯನ್‌ಗೆ ಹೇಳಿಬಿಡಿ.