ನಲವತ್ತು ದಾಟಿದ ಮೇಲೆ ಮತ್ತೆ ಸ್ಕೇಟ್: ಎತ್ತರದ ಬೂಟಿನ ಕ್ವಾಡ್, ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಬೂಟಿಗೆ ಹಾಕಿ, ಗಾಲಿಗಲ್ಲ. ಗಾಲಿ, ಬೇರಿಂಗ್, ಟೋ ಸ್ಟಾಪ್ (ಬೆರಳ ಕಡೆ ಇರುವ ಬ್ರೇಕಿನ ರಬ್ಬರ್) ಎಲ್ಲವನ್ನೂ ಆಮೇಲೆ ಒಂದೊಂದಾಗಿ ಬದಲಿಸಬಹುದು. ಬೂಟು ಕಾಲಿಗೆ ಕೂರದಿದ್ದರೆ ಅದರ ಕೆಳಗೆ ಎಷ್ಟು ದುಬಾರಿ ಸಾಮಾನು ಇದ್ದರೂ ಅಷ್ಟೇ. ನಾನು ತೆಗೆದುಕೊಂಡಿದ್ದು ಬಿಳಿ ಬಣ್ಣದ, ಸ್ವಲ್ಪ ಹಿಮ್ಮಡಿ ಎತ್ತರ ಇರುವ, ಪಾದದ ಗಿಣ್ಣು ಮುಚ್ಚುವ ಬೂಟಿನ ಕ್ವಾಡ್. ಅಂದರೆ ಎರಡು ಗಾಲಿ ಮುಂದೆ, ಎರಡು ಹಿಂದೆ. ಮೇಲಿಂದ ನೋಡಿದರೆ ಐಸ್ ಮೇಲೆ ಆಡುವ ಫಿಗರ್ ಸ್ಕೇಟ್ ಥರಾನೇ ಕಾಣುತ್ತದೆ. ಬೆಲೆ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಇದೇ ಅಚ್ಚಿನ ಜೋಡಿ ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಮಾರಾಟಕ್ಕೆ ಬರುವುದರಿಂದ ಕಂಪನಿ ಹೆಸರಿಗಿಂತ ಏನು ನೋಡಿ ಕೊಳ್ಳಬೇಕು ಅನ್ನುವುದನ್ನೇ ಬರೆಯುತ್ತೇನೆ.

ಬೆಳಗಾವಿಯಲ್ಲಿ ಸ್ಕೇಟಿಂಗ್ ಹೊಸದೇನಲ್ಲ. ಸಾಲಾಗಿ ನಿಲ್ಲಿಸಿದ ಕಾರುಗಳ ಕೆಳಗೆ ಲಿಂಬೊ ಸ್ಕೇಟಿಂಗ್, ಅಂದರೆ ಮೈಯನ್ನು ನೆಲಮಟ್ಟಕ್ಕೆ ಬಗ್ಗಿಸಿ ನುಸುಳುವ ಸ್ಕೇಟಿಂಗ್ ಮಾಡಿ ಗಿನ್ನೆಸ್ ದಾಖಲೆ ಬರೆದ ಹುಡುಗನ ಊರಿದು. ಬೆನ್ನಿಗೆ ಸ್ಕೇಟ್ ಚೀಲ ಹಾಕಿಕೊಂಡು ಅಪ್ಪನ ಸ್ಕೂಟರ್ ಹಿಂದೆ ಕೂತ ಮಕ್ಕಳನ್ನು ಇಲ್ಲಿ ಯಾರು ನೋಡಿಲ್ಲ? ಆದರೆ ದೊಡ್ಡವರ ಕಾಲಿಗೆ ಸ್ಕೇಟ್ ಹುಡುಕಲು ಹೋಗಿ ನೋಡಿ, ಕಥೆಯೇ ಬೇರೆ. "ಮಗಳಿಗೇನ್ರೀ ಅಕ್ಕಾರ? ಸೈಜ್ ಎಷ್ಟ್ರೀ?" ಅಂತಾರೆ. "ನನಗಾ ಬೇಕ್ರೀ" ಅಂದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ತೋರಿಸುವುದು ಎರಡೇ ಥರ. ಒಂದು, ಶೂ ಮೇಲೆ ಪಟ್ಟಿ ಬಿಗಿದು ಉದ್ದ ಹೆಚ್ಚುಕಡಿಮೆ ಮಾಡುವ ಮಕ್ಕಳ ಸ್ಕೇಟ್. ಇನ್ನೊಂದು, ರೇಸಿನವರು ಹಾಕುವ ಗಿಣ್ಣಿನ ಕೆಳಗೇ ಮುಗಿಯುವ ಗಿಡ್ಡ ಬೂಟು.

ರೇಸ್ ಬೂಟು ಕೆಟ್ಟದ್ದಲ್ಲ. ಕಾಲು ಗಟ್ಟಿಯಾದವರಿಗೆ ಅದೇ ಸರಿ. ನಮ್ಮಂಥವರ ತೊಂದರೆ ಬೇರೆ. ಚಿಕ್ಕಂದಿನಲ್ಲಿ ಆಡಿ ಬಿಟ್ಟವರಿಗೆ ಬ್ಯಾಲೆನ್ಸ್ ಬೇಗ ವಾಪಸ್ ಬರುತ್ತದೆ. ಮಂಡಿ ಮಡಚುವುದು, ಒಂದು ಕಾಲು ಎತ್ತುವುದು ಎಲ್ಲ ನೆನಪಾಗುತ್ತದೆ. ತಲೆಗೆ ನೆನಪಾದದ್ದು ಗಿಣ್ಣಿಗೆ, ಮಣಿಕಟ್ಟಿಗೆ ಗೊತ್ತಿರಬೇಕಲ್ಲ! ಅವುಗಳ ವಯಸ್ಸು ಬೇರೆ, ಮೈ ತೂಕ ಬೇರೆ. ಅದಕ್ಕೇ ಎತ್ತರದ, ಗಟ್ಟಿ ಬೂಟು ಬೇಕು ಅನ್ನೋದು. ಅಂಗಡಿಯಲ್ಲಿ ಬೂಟಿನ ಗಿಣ್ಣಿನ ಭಾಗವನ್ನು ಎರಡೂ ಕಡೆಯಿಂದ ಹೆಬ್ಬೆರಳು, ತೋರುಬೆರಳಿನಲ್ಲಿ ಒತ್ತಿ ನೋಡಿ. ಬಟ್ಟೆ ಹಾಗೆ ಮಡಚಿಕೊಂಡರೆ ವಾಪಸ್ ಇಟ್ಟುಬಿಡಿ. ಹಾಗಂತ ಜಂಪ್ ಹೊಡೆಯುವವರ ಕಲ್ಲಿನಂಥ ಬೂಟೂ ಬೇಡ. ಅದರಲ್ಲಿ ಮಂಡಿ ಬಗ್ಗುವುದೇ ಇಲ್ಲ, ಮಂಡಿ ಬಗ್ಗದೆ ಸ್ಕೇಟಿಂಗ್ ಇಲ್ಲ.

ಐಸ್ ಸ್ಕೇಟನ್ನೇ ಯಾಕೆ ಕೊಳ್ಳಬಾರದು ಅಂತ ಗೆಳತಿಯೊಬ್ಬಳು ಕೇಳಿದಳು. ಟೀವಿಯಲ್ಲಿ ಒಲಿಂಪಿಕ್ಸ್ ನೋಡಿ ಆಸೆ ಆಗುವುದು ಸಹಜ. ಆಡುವುದು ಎಲ್ಲಿ? ಶಿಮ್ಲಾದಲ್ಲಿ 1920ರಿಂದ ಬಯಲು ರಿಂಕ್ (ಸ್ಕೇಟಿಂಗ್ ಅಂಗಳ) ಇದೆ, ಅದೂ ಚಳಿಗಾಲಕ್ಕೆ ಮಾತ್ರ. ಡೆಹ್ರಾಡೂನಿನಲ್ಲಿ ಹಿಮಾದ್ರಿ ರಿಂಕ್ ಇದೆ, ಗುರುಗ್ರಾಮದ ಮಾಲ್ ಒಂದರಲ್ಲಿ ಇದೆ. ಬೆಳಗಾವಿಯಿಂದ ವಾರಕ್ಕೆರಡು ಸಲ ಹೋಗಿ ಬರುವ ಜಾಗಗಳಲ್ಲ ಇವು. ಜೊತೆಗೆ ಬ್ಲೇಡಿನ ಉಪಚಾರ ಬೇರೆ. ಫಿಗರ್ ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಸಣ್ಣ ತಗ್ಗು ಇರುತ್ತದೆ, ಅದರಿಂದಲೇ ಎರಡು ಅಂಚು ಬರುವುದು. ಆ ತಗ್ಗನ್ನು ಆಗಾಗ ಸಾಣೆ ಹಿಡಿಸಬೇಕು, ಚಾಕು ಸಾಣೆಯವನ ಕೈಗೆ ಕೊಟ್ಟರೆ ಬ್ಲೇಡ್ ಹಾಳು. ಕ್ವಾಡ್ ಮೇಲೂ ಫಿಗರ್, ಸ್ಪಿನ್, ಜಂಪ್ ಎಲ್ಲ ಇದೆ ಅನ್ನೋದು ಅವಳಿಗೆ ಗೊತ್ತಿರಲಿಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಭಾರತಕ್ಕೆ ಕಂಚು ತಂದದ್ದು ಇದೇ ಆರ್ಟಿಸ್ಟಿಕ್ ವಿಭಾಗದಲ್ಲಿ, ಅವನಿ ಪಾಂಚಾಲ್ ಜೊತೆ ಜೋಡಿಯಲ್ಲಿ ಇನ್ನೊಂದು. ಎಡಿಯಾ, ರೀಡೆಲ್ ಥರದ ಕಂಪನಿಗಳು ಐಸ್‌ಗೂ ರೋಲರ್‌ಗೂ ಬೂಟು ಮಾಡುತ್ತವೆ. ಕಾಲಿಗೆ ಕೂರಿಸುವ ನಿಯಮ ಎರಡಕ್ಕೂ ಒಂದೇ.

ಈಗ ಆ ಕೂರಿಸುವ ವಿಷಯ. ಚಪ್ಪಲಿ ಸೈಜ್ ಹೇಳಿ ಸ್ಕೇಟ್ ತರಿಸಬೇಡಿ. ನಮ್ಮ ಕಡೆಯವರು ವರ್ಷವಿಡೀ ಚಪ್ಪಲಿಯಲ್ಲೇ ಓಡಾಡುವವರು. ಬೆರಳುಗಳ ಹತ್ತಿರ ಪಾದ ಹರಡಿಕೊಂಡಿರುತ್ತದೆ, ಹಿಮ್ಮಡಿ ಮಾತ್ರ ಸಣ್ಣ. ಹೊರದೇಶದ ಅಚ್ಚಿನ ಬೂಟು ಸಾಮಾನ್ಯವಾಗಿ ಮುಂದೆ ಕಿರಿದು. ಅಗಲಕ್ಕೆ ಆಗಲಿ ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಂಡಿರೋ, ಹಿಮ್ಮಡಿ ಒಳಗೆ ಎದ್ದು ಕುಣಿಯುತ್ತದೆ. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿ ಅಳತೆ ಕೊಟ್ಟು ಮಾಡಿಸಿದವರಿಗೆ ಇದು ಗೊತ್ತು: ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಪೆನ್ಸಿಲ್ ಎಳೆಯುತ್ತಾರೆ. ನಾನೂ ಹಾಗೇ ಮಾಡಿದೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿದ್ದಾಗ, ತೆಳು ಸಾಕ್ಸ್ ಹಾಕಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಂತು ಗೆರೆ ಎಳೆಸಿದೆ. ಪೆನ್ಸಿಲ್ ನೆಟ್ಟಗಿರಬೇಕು. ಓರೆ ಹಿಡಿದರೆ ಗೆರೆ ಪಾದದ ಅಡಿಗೆ ನುಗ್ಗಿ ಅಳತೆ ಕಡಿಮೆ ಬರುತ್ತದೆ. ಬಲಗಾಲು ಎಡಗಾಲಿಗಿಂತ ಒಂದಿಷ್ಟು ಉದ್ದ ಬಂತು. ಹಿಮ್ಮಡಿಯಿಂದ ಉದ್ದದ ಬೆರಳಿನ ತನಕ, ಮತ್ತೆ ಅಗಲವಾದ ಕಡೆ ಅಡ್ಡಕ್ಕೆ, ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಮಾರುವವರಿಗೆ ಕಳಿಸಿದೆ. ಇಷ್ಟೆಲ್ಲ ಮಾಡಿದ್ದಕ್ಕೆ ಬಂದ ಬೂಟು ನನ್ನ ಮಾಮೂಲಿ ಶೂಗಿಂತ ಒಂದು ನಂಬರ್ ಸಣ್ಣದು. ಕಾಲಿಗೆ ಸರಿಯಾಗಿ ಕೂತಿತು.

ಹಾಕಿ ನೋಡುವಾಗ ಲೇಸ್ ಕಟ್ಟಿ ನೆಟ್ಟಗೆ ನಿಲ್ಲಿ. ಬೆರಳಿನ ತುದಿ ಮುಂದೆ ಸುಮ್ನೆ ತಾಗಬೇಕು, ಮಡಚಬಾರದು. ಮಂಡಿ ಬಗ್ಗಿಸಿದರೆ ಬೆರಳು ಒಂಚೂರು ಹಿಂದೆ ಸರಿಯಬೇಕು. ಹಿಮ್ಮಡಿ ಏಳಲೇಬಾರದು. ಬೂಟು ಸಡಿಲ ಇದ್ದರೆ ದಪ್ಪ ಸಾಕ್ಸ್ ಹಾಕಿ ಸರಿ ಮಾಡಬಹುದು ಅಂತ ಹೇಳುವವರನ್ನು ನಂಬಬೇಡಿ, ಕಾಲು ಒಳಗೆ ಇನ್ನೂ ಜಾರುತ್ತದೆ. ಲೇಸ್ ಕಟ್ಟುವುದಕ್ಕೂ ಒಂದು ರೀತಿ ಇದೆ. ಬೆರಳ ಹತ್ತಿರ ಹಗುರ, ಪಾದ ಮೇಲಕ್ಕೆ ತಿರುಗುವ ಕಡೆ ಬಿಗಿ, ಮೇಲಿನ ಹುಕ್ಕುಗಳಲ್ಲಿ ಮತ್ತೆ ಸ್ವಲ್ಪ ಸಡಿಲ. ಬೆರಳು ಜುಮುಗುಟ್ಟಿದರೆ ಬಿಚ್ಚಿ ಮತ್ತೆ ಕಟ್ಟಿ. ಮೊದಲ ಕೆಲವು ವಾರ ಗಿಣ್ಣಿನ ಮೂಳೆ ತಿಕ್ಕಿ ಕೆಂಪಾಗುತ್ತಿತ್ತು. ಬೂಟು ಮೆತ್ತಗಾದ ಮೇಲೆ ಆ ಕಾಟ ನಿಂತಿತು.

ಬೂಟಿನ ಕೆಳಗಿನ ಪ್ಲೇಟ್ ನನ್ನದು ಅಲ್ಯೂಮಿನಿಯಂ. ತೂಕ ಜಾಸ್ತಿ ಇರುವವರಿಗೆ ನೈಲಾನ್ ಪ್ಲೇಟ್ ಸ್ವಲ್ಪ ಬಾಗುತ್ತದೆ, ಹಗುರ ಮೈಯವರಿಗೆ ಅದೇ ಸಾಕು. ಯಾರೂ ಹೇಳದ ವಿಷಯ ಕುಷನ್. ಗಾಲಿಗಳ ಅಚ್ಚು ಕೂತಿರುವ ಟ್ರಕ್‌ನಲ್ಲಿ ಬಳೆ ಥರದ ಸಣ್ಣ ರಬ್ಬರ್ ಇರುತ್ತದೆ. ಮೈ ಒಂದು ಕಡೆ ವಾಲಿಸಿದಾಗ ಅದು ಅದುಮಿಕೊಂಡು ಸ್ಕೇಟ್ ತಿರುಗುತ್ತದೆ. ಹೊಸದರಲ್ಲಿ ನಟ್ ತೀರಾ ಬಿಗಿ ಇತ್ತು. ಎಷ್ಟು ವಾಲಿದರೂ ರೈಲಿನ ಹಾಗೆ ನೆಟ್ಟಗೇ ಹೋಗುವುದು! ಕಾಲು ಸುತ್ತು ಸಡಿಲ ಮಾಡಿದೆ, ಒಂದು ವಾರ ಆಡಿದೆ, ಮತ್ತೆ ಕಾಲು ಸುತ್ತು. ನಾಲ್ಕೂ ಟ್ರಕ್‌ಗೆ ಒಂದೇ ಅಳತೆ. ತೀರಾ ಸಡಿಲ ಮಾಡಿದರೆ ವೇಗದಲ್ಲಿ ನಡುಗುತ್ತದೆ.

ಗಾಲಿಯ ಮೇಲೆ 82ಎ ಅಂತ ಬರೆದಿತ್ತು. ನಂಬರ್ ಜಾಸ್ತಿ ಆದಷ್ಟೂ ಗಾಲಿ ಗಟ್ಟಿ. ರಿಂಕ್‌ನ ನುಣುಪು ನೆಲಕ್ಕೆ 90ರ ಮೇಲಿನದು ಚೆನ್ನ, ರಸ್ತೆಗೆ 78ರ ಆಸುಪಾಸು. 82 ಅಂದರೆ ಎರಡಕ್ಕೂ ನಡೆಯುತ್ತದೆ, ಎರಡರಲ್ಲೂ ಪೂರ್ತಿ ಖುಷಿ ಕೊಡುವುದಿಲ್ಲ. ತಿಲಕವಾಡಿಯ ಒಳರಸ್ತೆಗಳಲ್ಲಿ ಡಾಂಬರಿನ ಜಲ್ಲಿ ಎದ್ದಿರುವ ಕಡೆ ಹಲ್ಲು ಕಟಕಟ ಅನ್ನುತ್ತದೆ. ಅದಕ್ಕೆ ನಾನು ರಸ್ತೆ ಬಿಟ್ಟು ಸಿಮೆಂಟ್ ಅಂಗಳಕ್ಕೇ ಅಂಟಿಕೊಂಡೆ. ಒಳಬದಿಯ ಗಾಲಿ ಬೇಗ ಸವೆಯುತ್ತದೆ, ಆಗಾಗ ಒಳಗಿನದನ್ನು ಹೊರಗೆ, ಎಡದ್ದನ್ನು ಬಲಕ್ಕೆ ಅದಲುಬದಲು ಮಾಡುತ್ತಿದ್ದೇನೆ. ಎರಡು ವರ್ಷವಾದರೂ ಅದೇ ಸೆಟ್.

ಬೇರಿಂಗ್ ವಿಷಯದಲ್ಲಿ ಮಾರುವವರು ಎಬಿಇಸಿ 7, ಎಬಿಇಸಿ 9 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ನಂಬರ್ ಹೇಳುವುದು ಬೇರಿಂಗ್ ಎಷ್ಟು ಕರಾರುವಾಕ್ಕಾಗಿ ತಯಾರಾಗಿದೆ ಅಂತ ಮಾತ್ರ. ಎಷ್ಟು ಬೇಗ ಓಡುತ್ತದೆ, ಎಷ್ಟು ದಿನ ಬಾಳುತ್ತದೆ ಅಂತ ಅದು ಹೇಳುವುದಿಲ್ಲ. ಬೆಳಗಾವಿಯ ಮಳೆಗೆ ಎಲ್ಲ ನಂಬರೂ ಒಂದೇ. ಜುಲೈನಲ್ಲಿ ಒದ್ದೆ ನೆಲದ ಮೇಲೆ ಆಡಿ ಹಾಗೇ ಚೀಲದಲ್ಲಿಟ್ಟರೆ ಎರಡು ದಿನಕ್ಕೆ ಕರಕರ ಶುರು. ಸಮಾಧಾನ ಏನೆಂದರೆ ಇವು 608 ಅನ್ನುವ ಮಾಮೂಲಿ ಸೈಜಿನವು: ಒಳರಂಧ್ರ 8 ಮಿ.ಮೀ., ಹೊರಗೆ 22, ದಪ್ಪ 7. ಸಣ್ಣ ಮೋಟಾರುಗಳಿಗೂ ಇದೇ ಹಾಕುತ್ತಾರೆ. ಹಾಗಾಗಿ ಸ್ಕೇಟ್ ಅಂಗಡಿಯೇ ಬೇಕಿಲ್ಲ, ಉದ್ಯಮಬಾಗ ಕಡೆಯ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಒಂದು ಜೋಡಿ ಸ್ಕೇಟಿಗೆ ಹದಿನಾರು ಬೇಕು. ತೊಳೆಯುವುದಾದರೆ ಸೀಮೆಎಣ್ಣೆಯಲ್ಲಿ ಅದ್ದಿ, ಪೂರ್ತಿ ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಬಿಡಿ. ಗಾಲಿ ಮತ್ತೆ ಹಾಕುವಾಗ ನಟ್ ಪೂರ್ತಿ ಬಿಗಿದು ಆಮೇಲೆ ಚೂರು ಸಡಿಲಿಸಿ, ಗಾಲಿ ಆರಾಮಾಗಿ ತಿರುಗುವಷ್ಟು.

ಮಳೆಗಾಲದಲ್ಲಿ ಬೂಟಿನ ಒಳಗೆ ಬೂಸಲು ಹಿಡಿಯುತ್ತದೆ. ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಬಿಸಿಲಿಗೋ ಒಲೆ ಹತ್ತಿರವೋ ಇಟ್ಟರೆ ಅಂಟು ಬಿಡುತ್ತದೆ.

ಈಗ ದೂರು. ವರ್ಷ ತುಂಬುವ ಮೊದಲೇ ಎಡ ಬೂಟಿನ ಮೇಲಿನ ಹುಕ್ಕು ಕಿತ್ತು ಬಂತು. ಫೋಟೋ ತೆಗೆದು ಕಳಿಸಿದರೆ ಆನ್‌ಲೈನ್ ಮಾರಾಟಗಾರರು "ಬಳಕೆಯಿಂದ ಆದ ಸವೆತ, ವಾರಂಟಿ ಬರುವುದಿಲ್ಲ" ಅಂತ ಉತ್ತರಿಸಿ ಕೈತೊಳೆದುಕೊಂಡರು. ಖಡೇಬಜಾರಿನಲ್ಲಿ ಬ್ಯಾಗು, ಬೂಟು ಹೊಲಿಯುವವರ ಹತ್ತಿರ ಒಯ್ದೆ. ಅವರು ಹುಕ್ಕಿನ ಜಾಗ ತೋರಿಸಿ, "ಇಲ್ಲಿ ಒಳಗ ಚರ್ಮಾನ ಇಲ್ರೀ, ಬರೇ ರಟ್ಟು" ಅಂದರು. ಒಳಗಡೆಯಿಂದ ಒಂದು ತುಂಡು ಚರ್ಮ ಕೊಟ್ಟು ಹೊಸ ರಿವಿಟ್ ಹೊಡೆದರು. ಅದು ಇವತ್ತಿಗೂ ಅಲ್ಲಾಡಿಲ್ಲ. ಜೊತೆಗೆ ಬಂದಿದ್ದ ಒಳ ಅಟ್ಟೆ ತೆಳು ಕಾಗದದ ಥರ, ಅದನ್ನೂ ತೆಗೆದು ಬೇರೆ ಹಾಕಿದೆ. ಹೊಸ ಬೂಟು ನೋಡುವಾಗ ಹುಕ್ಕು ಕೂತ ಕಡೆ ಒಳಗಿಂದ ಬೆರಳಾಡಿಸಿ ನೋಡಿ, ಗಟ್ಟಿ ಪಟ್ಟಿ ಸಿಗಬೇಕು.

ಹೆಲ್ಮೆಟ್, ಮಂಡಿ ಪ್ಯಾಡ್ ಹೇಗೂ ಬೇಕು. ಮಣಿಕಟ್ಟಿನ ಗಾರ್ಡ್ ಮಾತ್ರ ಒಳಗೆ ಗಟ್ಟಿ ಪಟ್ಟಿ ಇರುವಂಥದ್ದೇ ತೆಗೆದುಕೊಳ್ಳಿ. ದೊಡ್ಡವರು ಬಿದ್ದಾಗ ಮೊದಲು ನೆಲಕ್ಕೆ ಹೋಗುವುದು ಕೈ.

ಇದೇ ಬೂಟು ಮತ್ತೆ ಕೊಳ್ಳುತ್ತೀಯಾ ಅಂದರೆ ಹೌದು, ಹುಕ್ಕಿನ ಸಿಟ್ಟು ಇಟ್ಟುಕೊಂಡೇ ಕೊಳ್ಳುತ್ತೇನೆ. ವಾರಕ್ಕೊಮ್ಮೆ ಮಕ್ಕಳ ಜೊತೆ ಒಂದು ಸುತ್ತು ಹೊಡೆಯುವವರಿಗೆ ಇಷ್ಟು ಖರ್ಚು ಯಾಕೆ, ಅವರು ಸೆಕೆಂಡ್ ಹ್ಯಾಂಡ್ ಹುಡುಕಲಿ. ಹಾಗೆ ಕೊಳ್ಳುವಾಗ ಗಿಣ್ಣಿನ ಹತ್ತಿರ ಬೂಟಿಗೆ ಆಳದ ಮಡಿಕೆ ಬಿದ್ದಿದೆಯಾ, ಟ್ರಕ್ ಸೊಟ್ಟ ಆಗಿದೆಯಾ ನೋಡಿ. ಎರಡರಲ್ಲಿ ಒಂದಿದ್ದರೂ ಬೇಡ. ಗಾಲಿ ಸವೆದಿದ್ದರೆ, ಬೇರಿಂಗ್ ಕರಕರ ಅಂದರೆ, ಟೋ ಸ್ಟಾಪ್ ಒಂದೇ ಕಡೆ ತೇದಿದ್ದರೆ ಅದನ್ನೇ ತೋರಿಸಿ ಬೆಲೆ ಇಳಿಸಿ.