ಬಾಲ್ ಮೇಲಿತ್ತು, ಆಕ್ಸಿಜನ್ ಇರಲಿಲ್ಲ: ಊರಲ್ಲೇ ಜೋಡಿಸಿಕೊಟ್ಟ ಕಾನ್ಸಂಟ್ರೇಟರ್ ಬಗ್ಗೆ ಒಂದು ಎಚ್ಚರಿಕೆ

ಮಳೆಗಾಲ ಹಿಡಿಯುವ ಮುಂಚೆ ಇದನ್ನು ಬರೆದುಬಿಡಬೇಕು ಅನ್ನಿಸಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಿಮ್ಮ ಮನೆಯಲ್ಲಿ ಉಸಿರಾಟದ ತೊಂದರೆ ಇರುವ ಹಿರಿಯರಿದ್ದಾರಾ? ಗುರುತಿನವರು ಯಾರಾದರೂ ಅರ್ಧ ದುಡ್ಡಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಮೆಷಿನ್, ಮಾಡಿಕೊಡ್ತೀನಿ ಅಂದಿದ್ದಾರಾ? ಹಾಗಿದ್ದರೆ ಪೂರ್ತಿ ಓದಿ, ಆಮೇಲೆ ನಿಮ್ಮಿಷ್ಟ.

ನಮ್ಮ ದೊಡ್ಡಪ್ಪನಿಗೆ ಸಿಒಪಿಡಿ, ಅಂದರೆ ಪೂರ್ತಿ ವಾಸಿಯಾಗದ, ಉಸಿರು ಕಟ್ಟಿಸುವ ಶ್ವಾಸಕೋಶದ ಕಾಯಿಲೆ. ಬೀಡಿ ಒಂದು ಕಾರಣ. ಇನ್ನೊಂದು, ವರ್ಷಗಟ್ಟಲೆ ಅಡಿಕೆ ಬೇಯಿಸುವ ಒಲೆ ಮುಂದೆ ಕೂತು ಕುಡಿದ ಹೊಗೆ. ಡಾಕ್ಟರು ಎರಡನ್ನೂ ಹೇಳಿದರು, ದೊಡ್ಡಪ್ಪ ಮನೆಗೆ ಬಂದು ಒಲೆಯನ್ನು ಮಾತ್ರ ಬೈದರು. ದಿನಕ್ಕೆ ಕನಿಷ್ಠ 15 ಗಂಟೆ, ನಿಮಿಷಕ್ಕೆ 2 ಲೀಟರ್‌ನಂತೆ ಆಕ್ಸಿಜನ್ ಕೊಡಬೇಕು, ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ಹೇಳುವ ಬೆರಳಿನ ರೀಡಿಂಗ್ 88ರಿಂದ 92ರ ಒಳಗೆ ಇರಬೇಕು ಅಂತ ಚೀಟಿ ಬರೆದರು. ಇಂಥ ರೋಗಿಗಳಿಗೆ ಆಕ್ಸಿಜನ್ ಜಾಸ್ತಿಯಾದರೂ ಕಷ್ಟವೇ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅಂದರೆ ಇದು ಫ್ಯಾನ್ ಹಾಕಿದ ಹಾಗಲ್ಲ, ಔಷಧಿ ಕೊಟ್ಟ ಹಾಗೆ. ಅಳತೆ ತಪ್ಪಬಾರದು.

ಅಂಗಡಿಯಲ್ಲಿ 5 ಲೀಟರ್ ಮೆಷಿನ್ ಬೆಲೆ ಕೇಳಿದರೆ ನಲವತ್ತು ಸಾವಿರದ ಮೇಲೆ. ಶಿವಮೊಗ್ಗದಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಕೆಟ್ಟರೆ "ಅಷ್ಟು ದೂರ ನಮ್ಮ ಹುಡುಗರು ಬರಲ್ಲ ಸಾರ್" ಅಂದರು. ಆಗ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಹುಡುಗನೊಬ್ಬ ಮುಂದೆ ಬಂದ. ಹೆಸರು ಬೇಡ. ತೋಟದ ಪಂಪ್‌ಸೆಟ್‌ಗಳಿಗೆ ಮೊಬೈಲ್ ಸ್ಟಾರ್ಟರ್ ಹಾಕಿಕೊಟ್ಟು ಊರಲ್ಲಿ ಒಳ್ಳೆ ಹೆಸರು ತಗೊಂಡವನು. "ಇದರ ಡಿಸೈನ್ ಎಲ್ಲಾ ಓಪನ್ ಸೋರ್ಸ್, ಫ್ರೀಯಾಗಿ ಸಿಗುತ್ತೆ ಗೌಡ್ರೇ. ಕಂಪನಿಯವರು ಸುಮ್ನೆ ದುಡ್ಡು ಹೊಡೀತಾರೆ. ನಂಗೆ ಸಾಮಾನಿನ ದುಡ್ಡು ಕೊಡಿ ಸಾಕು" ಅಂದ. ಹದಿನೆಂಟು ಸಾವಿರಕ್ಕೆ ಮುಗೀತು. ಬೆರಳಿಗೆ ಹಾಕುವ ಆಕ್ಸಿಮೀಟರನ್ನೂ ತಾನೇ ಮಾಡಿ, ಪುಟ್ಟ ಸ್ಕ್ರೀನ್ ಕೂರಿಸಿ ಉಚಿತವಾಗಿ ಕೊಟ್ಟ.

ಅವನು ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಮೋಸಗಾರನಾಗಿದ್ದರೆ ಬೇಗ ಗೊತ್ತಾಗುತ್ತಿತ್ತು.

ಈ ಮೆಷಿನ್ ಕೆಲಸ ಮಾಡುವ ರೀತಿ ಸರಳ. ಗಾಳಿಯಲ್ಲಿ ಶೇ. 78 ನೈಟ್ರೋಜನ್, ಶೇ. 21 ಆಕ್ಸಿಜನ್. ಜಿಯೋಲೈಟ್ ಅನ್ನುವ ಸಣ್ಣ ಕಾಳುಗಳನ್ನು ಎರಡು ಕೊಳವೆಗಳಲ್ಲಿ ತುಂಬಿರುತ್ತಾರೆ. ಒತ್ತಡದಲ್ಲಿ ಗಾಳಿ ನುಗ್ಗಿಸಿದರೆ ಕಾಳುಗಳು ನೈಟ್ರೋಜನ್ ಹಿಡಿದುಕೊಳ್ಳುತ್ತವೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಹಿಡಿದ ನೈಟ್ರೋಜನ್ ಬಿಟ್ಟುಬಿಡುತ್ತವೆ. ಒಂದು ಕೊಳವೆ ಹಿಡಿಯುವಾಗ ಇನ್ನೊಂದು ಬಿಡುತ್ತಿರುತ್ತದೆ, ಕೆಲವೇ ಸೆಕೆಂಡಿಗೊಮ್ಮೆ ಅದಲುಬದಲು. ಒಳ್ಳೆ ಮೆಷಿನ್ನಿನಿಂದ ಹೊರಗೆ ಬರುವುದು ಶೇ. 93ರ ಆಸುಪಾಸಿನ ಆಕ್ಸಿಜನ್.

ತೊಂದರೆ ಏನಪ್ಪಾ ಅಂದರೆ, ಈ ಕಾಳುಗಳಿಗೆ ನೈಟ್ರೋಜನ್‌ಗಿಂತ ನೀರಿನ ಪಸೆ ಜಾಸ್ತಿ ಇಷ್ಟ. ಒಮ್ಮೆ ಪಸೆ ಹಿಡಿದರೆ ಒತ್ತಡ ಇಳಿಸಿದ ಮಾತ್ರಕ್ಕೆ ಬಿಡುವುದಿಲ್ಲ, ಮುನ್ನೂರು ಡಿಗ್ರಿ ಹತ್ತಿರ ಕಾಯಿಸಬೇಕು. ಪಸೆ ತುಂಬಿದ ಕಾಳು ನೈಟ್ರೋಜನ್ ಹಿಡಿಯುವುದಿಲ್ಲ. ಆಗ ಹೊರಗೆ ಬರುವುದು ಹೆಚ್ಚುಕಡಿಮೆ ನಾವು ನೀವು ಉಸಿರಾಡುವ ಗಾಳಿಯೇ. ನಮ್ಮದು ಎಂಥಾ ಊರು ಅಂತ ನಿಮಗೆ ಗೊತ್ತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಮಳೆ. ಆಷಾಢದಲ್ಲಿ ಬೀರುವಿನ ಒಳಗಿನ ಸೀರೆಗೂ ಬೂಷ್ಟು ಹಿಡಿಯುವ ಜಾಗ.

ಬೇಸಿಗೆಯಲ್ಲಿ ಮೆಷಿನ್ ಚೆನ್ನಾಗೇ ಓಡಿತು. ದೊಡ್ಡಪ್ಪ ಅಂಗಳದವರೆಗೆ ನಡೆದು ಬರುವಷ್ಟಾದರು. ಶುರುವಿನಲ್ಲೇ ದೊಡ್ಡಮ್ಮ "ಪೈಪಿಂದ ಗ್ಯಾರೇಜ್ ವಾಸನೆ ಬರ್ತದೆ ಮಾರಾಯ" ಅಂದಿದ್ದರು. ಹೊಸದಲ್ವಾ, ಹೋಗುತ್ತೆ ಅಂತ ಹುಡುಗ ಸಮಾಧಾನ ಹೇಳಿದ. ಅದು ಆಯಿಲ್ ವಾಸನೆ. ಅವನು ಹಾಕಿದ್ದು ಪಂಕ್ಚರ್ ಅಂಗಡಿಯಲ್ಲಿರುವಂಥ ಆಯಿಲ್ ಕಂಪ್ರೆಸರ್. ಉಸಿರಾಟದ ಮೆಷಿನ್ನಿಗೆ ಆಯಿಲ್ ಇಲ್ಲದ ಕಂಪ್ರೆಸರೇ ಆಗಬೇಕು. ಇಲ್ಲದಿದ್ದರೆ ಎಣ್ಣೆಯ ಆವಿ ಮೊದಲೇ ಹಾಳಾದ ಶ್ವಾಸಕೋಶಕ್ಕೆ ನೇರ ಹೋಗುತ್ತದೆ.

ಪುನರ್ವಸು ಮಳೆ ಹಿಡಿದದ್ದು ಬಿಡಲೇ ಇಲ್ಲ. ದೊಡ್ಡಪ್ಪನಿಗೆ ಹಗಲೆಲ್ಲಾ ತೂಕಡಿಕೆ, ಕಾಲು ಊತ, ಬೆಳಿಗ್ಗೆ ಎದ್ದರೆ ತಲೆನೋವು. ಎಂದೋ ಮಾರಿದ ಹಸುವಿನ ಹೆಸರು ಹಿಡಿದು ಕರೆಯತೊಡಗಿದರು. ದೊಡ್ಡಮ್ಮ ಹುಡುಗನಿಗೆ ಫೋನ್ ಮಾಡಿದರು. ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ ಅಂತ ತೋರಿಸಲು ಮೆಷಿನ್ನಿನ ಅಳತೆ ಕೊಳವೆಯಲ್ಲಿ ಒಂದು ಪುಟ್ಟ ಬಾಲ್ ತೇಲುತ್ತದೆ, ಅವನು ಮೊದಲು ಕೇಳಿದ್ದು ಅದನ್ನೇ.

"ಬಾಲ್ ಎಲ್ಲಿದೆ ನೋಡಿ ದೊಡ್ಡಮ್ಮಾ."

"ಎರಡರ ಹತ್ರ ಇದೆ."

"ಬೆರಳಿಂದು ಎಷ್ಟು ತೋರಿಸ್ತಿದೆ?"

"ತೊಂಬತ್ತೊಂದು."

"ಮತ್ತೆ ಎಲ್ಲಾ ಸರಿ ಇದೆಯಲ್ಲ! ವಯಸ್ಸಾಯ್ತಲ್ಲ, ಮಳೆಗೆ ಹಾಗಾಗುತ್ತೆ."

ನಾನು ಶಿವಮೊಗ್ಗದಿಂದ ಹೋಗಿ ನೋಡಿದಾಗ ಉಗುರು ನೀಲಿಯಾಗಿತ್ತು. ಆಕ್ಸಿಮೀಟರ್ ಮಾತ್ರ 91 ಅನ್ನುತ್ತಿತ್ತು. ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಆಗಲೂ 91. ಸಿಗ್ನಲ್ ಸರಿಯಾಗಿ ಸಿಗದಿದ್ದಾಗ ಹಿಂದಿನ ನಂಬರನ್ನೇ ಹಿಡಿದಿಟ್ಟುಕೊಳ್ಳುವ ಹಾಗೆ ಕೋಡ್ ಬರೆದಿದ್ದನಂತೆ, ನಂಬರ್ ಕುಣಿದರೆ ಮನೆಯವರು ಗಾಬರಿಯಾಗ್ತಾರೆ ಅಂತ! ತಣ್ಣಗಾದ ಬೆರಳಲ್ಲಿ ರಕ್ತದ ಓಡಾಟ ಕಮ್ಮಿಯಾಗಿ ಸಿಗ್ನಲ್ ಸಿಗದಿರುವುದು ಮಾಮೂಲು. ಗಾಬರಿ ಆಗಬೇಕಾದ ಹೊತ್ತಿನಲ್ಲೇ ಅದು ಸುಳ್ಳು ಹೇಳುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಹಾಕಿದ ಮೀಟರ್ 76 ತೋರಿಸಿತು. ಐಸಿಯು, ಮುಖಕ್ಕೆ ಒತ್ತಡದಲ್ಲಿ ಗಾಳಿ ನುಗ್ಗಿಸಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್, ಹಗಲು ರಾತ್ರಿ ಕಾಯುವುದು. ಬದುಕಿದರು, ಈಗ ಮನೆಯಲ್ಲಿದ್ದಾರೆ. ಉಳಿಸಿದ್ದ ದುಡ್ಡಿನ ಎಷ್ಟೋ ಪಟ್ಟು ಬಿಲ್ ಆಯಿತು, ಅದನ್ನು ಬಿಡಿ.

ಆಮೇಲೆ ಆ ಮೆಷಿನ್ನನ್ನು ಕಾರಿನಲ್ಲಿ ಹಾಕಿಕೊಂಡು, ಆಸ್ಪತ್ರೆ ಉಪಕರಣ ನೋಡಿಕೊಳ್ಳುವ ಪರಿಚಯದ ಟೆಕ್ನಿಷಿಯನ್ ಹತ್ತಿರ ಹೋದೆ. ಅವರು ಪೈಪಿನ ತುದಿಗೆ, ಬರುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಅನಲೈಸರ್ ಹಿಡಿದರು. ಬಾಲ್ 2 ಲೀಟರ್‌ನಲ್ಲಿ ತೇಲುತ್ತಿತ್ತು. ಅನಲೈಸರ್ ಶೇ. 34 ಅಂತ ತೋರಿಸಿತು. "ಬಾಲ್ ಹೇಳೋದು ಎಷ್ಟು ಗಾಳಿ ಬರ್ತಿದೆ ಅಂತ. ಯಾವ ಗಾಳಿ ಅಂತ ಅದಕ್ಕೇನು ಗೊತ್ತು?" ಅಂದರು. ಲೆಕ್ಕ ಹೀಗೆ: ಸರಿಯಾದ ಆಕ್ಸಿಜನ್ 2 ಲೀಟರ್ ಕೊಟ್ಟರೆ ರೋಗಿ ಒಳಗೆ ಎಳೆಯುವ ಗಾಳಿಯಲ್ಲಿ ಆಕ್ಸಿಜನ್ ಶೇ. 21ರಿಂದ ಸುಮಾರು 28ಕ್ಕೆ ಏರುತ್ತದೆ. ಶೇ. 34ರದ್ದು ಕೊಟ್ಟರೆ 22 ದಾಟುವುದೇ ಕಷ್ಟ. ಮೂಗಿಗೆ ಪೈಪ್ ಇತ್ತು, ಅಷ್ಟೇ.

ಮುಚ್ಚಳ ಬಿಚ್ಚಿ ತೋರಿಸಿದರು. ಗಾಳಿ ಒಣಗಿಸಲು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ತುಂಬಿತ್ತು. ಒಣಗಿದ್ದಾಗ ನೀಲಿ ಇರುವ ಬಗೆ ಅದು, ಪಸೆ ಹಿಡಿದರೆ ಗುಲಾಬಿಯಾಗುತ್ತದೆ. ಡಬ್ಬಿಯಲ್ಲಿ ಒಂದು ನೀಲಿ ಕಾಳೂ ಉಳಿದಿರಲಿಲ್ಲ, ತಳದಲ್ಲಿ ನೀರು ನಿಂತಿತ್ತು. ಕೊಳವೆಗಳು ಮನೆ ನಲ್ಲಿಗೆ ಹಾಕುವ ಪಿವಿಸಿ. ಒತ್ತಡದ ಗಾಳಿಗೆ ಪಿವಿಸಿ ಹಾಕಬಾರದು, ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಅದು ಇದ್ದದ್ದು ದೊಡ್ಡಪ್ಪನ ತಲೆದಿಂಬಿನ ಪಕ್ಕ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಅವನು ಇಳಿಸಿಕೊಂಡಿದ್ದ ಡಿಸೈನ್ ತರಿಸಿ ಓದಿದೆ. ಆಯಿಲ್ ಇಲ್ಲದ ಕಂಪ್ರೆಸರ್ ಹಾಕಿ ಅಂತ ಅದರಲ್ಲಿದೆ. ಗಾಳಿ ಒಣಗಿಸಲು ಕೂಲಿಂಗ್ ಕಾಯಿಲ್ ಇದೆ. ಆಕ್ಸಿಜನ್ ಸೆನ್ಸರ್ ಇದೆ, ಶುದ್ಧತೆ ಇಳಿದರೆ ಕೂಗುವ ಅಲಾರಂ ಇದೆ. ಡಿಸೈನ್ ಮಾಡಿದವರು ಪಾಪ ಎಲ್ಲಾ ಯೋಚಿಸಿದ್ದರು. ಇವನು ಸೆನ್ಸರ್ ದುಬಾರಿ ಅಂತ ಕೈಬಿಟ್ಟ, ಕಂಪ್ರೆಸರ್ ಲೋಕಲ್ ಹಾಕಿದ, ಕಾಯಿಲ್ ಬೇಡ ಅಂದುಕೊಂಡ. ಡಿಸೈನ್ ಎಲ್ಲರಿಗೂ ಮುಕ್ತ, ಸರಿ. ಆದರೆ ನಮ್ಮನೆಗೆ ಬಂದದ್ದು ಆ ಡಿಸೈನೇ ಅಲ್ಲ. ಅದೇ ಇದು ಹೌದೋ ಅಲ್ಲವೋ ಅಂತ ನೋಡುವವರು ಯಾರೂ ಇರಲಿಲ್ಲ.

ಸರ್ಕಾರದ ಲೈಸೆನ್ಸ್ ಇರುವುದೇ ಈ ಕೆಲಸಕ್ಕೆ. ಮೆಡಿಕಲ್ ಡಿವೈಸಸ್ ರೂಲ್ಸ್ 2017ರದ್ದು. 2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಉಪಕರಣಗಳೂ ಕಾನೂನಿನ ಲೆಕ್ಕದಲ್ಲಿ ಔಷಧಿಗೆ ಸಮ. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ವರ್ಗ ಮಾಡಿದ್ದಾರೆ. ಅಪಾಯ ಜಾಸ್ತಿ ಇರುವ ಸಿ ಮತ್ತು ಡಿ ವರ್ಗಕ್ಕೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯವಾಯಿತು. ಲೈಸೆನ್ಸ್ ಕೊಡುವವರು ಕಾಗದ ನೋಡಿದರೆ ಸಾಲದು, ತಯಾರಾಗಿ ಹೊರಬರುವ ಮಾಲು ಕಾಗದದಂತೆಯೇ ಇದೆಯಾ ಅಂತಲೂ ನೋಡಬೇಕು. ಸಾಮಾನಿನ ದುಡ್ಡು ಮಾತ್ರ ತಗೊಂಡೆ, ಮಾರಿಲ್ಲ ಅಂತ ಹುಡುಗ ಈಗ ವಾದ ಮಾಡುತ್ತಿದ್ದಾನೆ. ಮೂಗಿಗೆ ಪೈಪ್ ಹಾಕಿಕೊಂಡವರಿಗೆ ಆ ವ್ಯತ್ಯಾಸದಿಂದ ಏನಾಗಬೇಕು?

ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲಾ ಕೆಟ್ಟದ್ದು ಅಂತ ನಾನು ಒಪ್ಪಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರೇ ಸೇರಿ, ಇನ್ಸುಲಿನ್ ಪಂಪನ್ನು ತಾನಾಗೇ ಹೊಂದಿಸುವ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಓಪನ್‌ಎಪಿಎಸ್, ಲೂಪ್ ಅಂತ ಅದರ ಹೆಸರುಗಳು. ಇಂಥ ಅನುಮತಿ ಇಲ್ಲದ ವ್ಯವಸ್ಥೆ ಬಳಸಿದ ಒಬ್ಬರಿಗೆ ಇನ್ಸುಲಿನ್ ಜಾಸ್ತಿ ಹೋಗಿ ಚಿಕಿತ್ಸೆ ಬೇಕಾಯಿತು. 2019ರ ಮೇ ತಿಂಗಳಲ್ಲಿ ಅಲ್ಲಿನ ಔಷಧಿ, ಉಪಕರಣ ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಆದರೆ ಅದೇ ಲೂಪ್‌ನಿಂದ ಬೆಳೆದ ಟೈಡ್‌ಪೂಲ್ ಲೂಪ್‌ಗೆ 2023ರ ಜನವರಿಯಲ್ಲಿ ಅದೇ ಎಫ್‌ಡಿಎ ಒಪ್ಪಿಗೆಯನ್ನೂ ಕೊಟ್ಟಿತು. ಬಾಗಿಲು ಇದೆ. ಪರೀಕ್ಷೆಗೆ ನಿಲ್ಲಬೇಕು, ಅಷ್ಟೇ.

ಅಂಗಡಿ ಮೆಷಿನ್ ಅಂದ ಕೂಡಲೇ ಕಣ್ಣು ಮುಚ್ಚಿ ತರಬೇಡಿ ಮತ್ತೆ. 2021ರ ಕೊರೊನಾ ಅಲೆಯಲ್ಲಿ ಸ್ವಂತ ಬಳಕೆಗೆ ಅಂತ ಕೊರಿಯರ್‌ನಲ್ಲಿ ತರಿಸಿಕೊಳ್ಳಲು ಸರ್ಕಾರವೇ ಸ್ವಲ್ಪ ಕಾಲ ಬಿಟ್ಟಿತ್ತು. ಆಗ ಬಂದ ತರಹೇವಾರಿ ಮೆಷಿನ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಕೈ ಬದಲಾಗುತ್ತಿರಬಹುದು. ಅದರಲ್ಲೂ 1ರಿಂದ 7 ಲೀಟರ್ ಅಂತ ಬರೆದ ಪುಟ್ಟ ಮೆಷಿನ್ ಕಂಡರೆ ಹುಷಾರು. ಇಂಥ ಎಷ್ಟೋ ಮೆಷಿನ್‌ಗಳಲ್ಲಿ ಶೇ. 90 ಸಿಗುವುದು 1 ಲೀಟರ್‌ನಲ್ಲಿ ಮಾತ್ರ, 7ಕ್ಕೆ ಏರಿಸಿದರೆ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಅಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ, ಓದುವವರು ಯಾರು?

ತರುವವರು ಲೇಬಲ್ ಮೇಲೆ ತಯಾರಿಕೆಯ ಅಥವಾ ಆಮದಿನ ಲೈಸೆನ್ಸ್ ನಂಬರ್, ತಯಾರಕರ ವಿಳಾಸ, ಸೀರಿಯಲ್ ನಂಬರ್ ಇದೆಯಾ ನೋಡಿ. ನಿಮಗೆ ಬೇಕಾದಷ್ಟು ಲೀಟರ್‌ಗೆ ಇಟ್ಟು, ಎದುರಿಗೇ ಅನಲೈಸರ್ ಹಿಡಿದು ತೋರಿಸಿ ಅಂತ ಕೇಳಿ. ಬಾಡಿಗೆ ಕೊಡುವವರು ಅನಲೈಸರ್ ಅಂದರೆ ಏನು ಅಂತ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಶುದ್ಧತೆ ಇಳಿದಾಗ, ಕರೆಂಟ್ ಹೋದಾಗ ಅಲಾರಂ ಕೂಗಬೇಕು, ಪ್ಲಗ್ ಕಿತ್ತು ನೋಡಿ. ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸದಲ್ಲ, ಹಾಗಾಗಿ ಒಂದು ಸಿಲಿಂಡರ್ ತುಂಬಿಸಿ ಇಟ್ಟುಕೊಳ್ಳಿ, ಒಲೆಯಿಂದ ದೂರ. ಮೆಷಿನ್ನನ್ನು ಬಚ್ಚಲು ಪಕ್ಕದ ಕೋಣೆಯಲ್ಲಿ ಇಡಬೇಡಿ.

ಮೀಟರ್ ಏನೇ ಹೇಳಲಿ, ತೂಕಡಿಕೆ, ಗೊಂದಲದ ಮಾತು, ನೀಲಿ ಉಗುರು ಕಂಡರೆ ಯಾರಿಗೂ ಫೋನ್ ಮಾಡಿ ಕೇಳುತ್ತಾ ಕೂರಬೇಡಿ, ಗಾಡಿ ತೆಗೆಯಿರಿ. ಇಲ್ಲವೇ 108.

ಈಗಾಗಲೇ ಇಂಥದ್ದರಿಂದ ತೊಂದರೆ ಆಗಿದ್ದರೆ ಉಪಕರಣವನ್ನು ಬಿಸಾಡಬೇಡಿ, ವಾಪಸ್ಸೂ ಕೊಡಬೇಡಿ, ಫೋಟೋ ತೆಗೆದಿಡಿ. ಉಪಕರಣಗಳಿಂದಾದ ತೊಂದರೆ ದಾಖಲಿಸಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಅನ್ನುವ ಕೇಂದ್ರದ ಕಾರ್ಯಕ್ರಮ ಇದೆ. ಡಾಕ್ಟರೇ ಬರೆಯಬೇಕು ಅಂತಿಲ್ಲ, ಮನೆಯವರೂ ತಿಳಿಸಬಹುದು. ಉಚಿತ ಸಹಾಯವಾಣಿ 1800-180-3024. ಹುಡುಗ ನಮ್ಮ ಮೆಷಿನ್ನನ್ನು ವಾಪಸ್ ಕೇಳುತ್ತಲೇ ಇದ್ದಾನೆ, "ಸರಿಮಾಡಿ ಬೇರೆಯವರಿಗೆ ಕೊಡ್ತೀನಿ" ಅಂತ. ನಾನು ಕೊಟ್ಟಿಲ್ಲ.