ಟೆರೇಸ್ ಅಳೆದರು, ಕರೆಂಟ್ ಬಿಲ್ ಕೇಳಲಿಲ್ಲ

ಮನೆಗೆ ಸೋಲಾರ್ ಹಾಕಿಸೋ ಯೋಚನೆಯಲ್ಲಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ನನ್ನ ಪಾಡು ಓದಿಬಿಡಿ.

ನಮ್ಮದು ತುಮಕೂರು. ತಿಂಗಳಿಗೆ 210 ಯೂನಿಟ್ ಆಸುಪಾಸು ಖರ್ಚು. ಗೃಹಜ್ಯೋತಿಯ 200 ದಾಟಿತು ಅಂದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಹತ್ತು ಯೂನಿಟ್ಟಿನ ಸಿಟ್ಟಿಗೆ ಸೋಲಾರ್‌ನವರನ್ನು ಕರೆಸಿದೆ. ಬಂದವರು ಟೇಪ್ ಹಿಡಿದು ಟೆರೇಸ್ ಅಳೆದರು. ಬಿಲ್ ತೋರಿಸಿ ಅಂತ ಒಂದು ಮಾತೂ ಕೇಳಲಿಲ್ಲ. "ಜಾಗ ಇದೆ ಸಾರ್, 5 ಕಿಲೋವ್ಯಾಟ್ ಹಾಕಿಬಿಡೋಣ. ಆನ್‌ಗ್ರಿಡ್ ಬೇಡ, ಕರೆಂಟ್ ಹೋದರೆ ಅದೂ ಆಫ್. ಹೈಬ್ರಿಡ್ ತಗೊಳ್ಳಿ" ಅಂದರು.

ಆನ್‌ಗ್ರಿಡ್ ಅಂದರೆ ಕರೆಂಟ್ ಲೈನಿಗೆ ಜೋಡಿಸಿದ ಸೋಲಾರ್. ಬ್ಯಾಟರಿ ಇಲ್ಲದಿದ್ದರೆ ಅದು ಆಫ್ ಆಗೋದು ನಿಜವೇ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಪ್ಯಾನಲ್‌ನಿಂದ ಶಾಕ್ ಹೊಡೆಯಬಾರದಲ್ವಾ. ಹೈಬ್ರಿಡ್ ಅಂದರೆ ಬ್ಯಾಟರಿಯೂ ಇರಬೇಕು, ಮಿಕ್ಕ ಕರೆಂಟ್ ಲೈನಿಗೂ ಹೋಗಬೇಕು. ಆದರೆ ಆ ಹೆಸರಲ್ಲಿ ನನ್ನ ಮನೆಗೆ ಬಂದದ್ದು, ಲೈನಿಗೆ ಒಂದು ಯೂನಿಟ್ಟೂ ವಾಪಸ್ ಕಳಿಸದ ಮಾಡೆಲ್. ಲೈನಿಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯೋಕೆ ಬೇಕಾದ ನೆಟ್ ಮೀಟರ್ ಇಲ್ಲ. ಹಾಗಾಗಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ಇಲ್ಲ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗಿನ ಇನ್ವರ್ಟರ್ ಡಿಸ್‌ಪ್ಲೇ ನೋಡಿದೆ. ಮೇಲೆ ಚಪ್ಪಲಿ ಇಲ್ಲದೆ ಕಾಲಿಡೋಕಾಗದ ಬಿಸಿಲು. ಅಷ್ಟು ಪ್ಯಾನಲ್ ಸೇರಿ ಕೊಡುತ್ತಿದ್ದದ್ದು 380 ವ್ಯಾಟ್! ಪ್ಯಾನಲ್ ಕೆಟ್ಟಿರಲಿಲ್ಲ. ಬ್ಯಾಟರಿ ಹೆಚ್ಚುಕಮ್ಮಿ ತುಂಬಿತ್ತು, ಮನೆಯಲ್ಲಿ ಓಡುತ್ತಿದ್ದದ್ದು ಫ್ರಿಜ್ಜು, ಎರಡು ಫ್ಯಾನು. ಉಳಿದ ಬಿಸಿಲನ್ನು ತಗೊಳ್ಳೋರೇ ಇಲ್ಲ. ನಮ್ಮ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ನನಗೆ ಬೇಕಿದ್ದದ್ದು ದಿನಕ್ಕೆ 7. ನೆಟ್ ಮೀಟರ್ ಇದ್ದಿದ್ದರೆ 2 ಕಿಲೋವ್ಯಾಟ್ ಸಾಕಿತ್ತು.

ಬ್ಯಾಟರಿ ಕಥೆ ಇನ್ನೂ ಕೆಟ್ಟದ್ದು. 150 ಎಎಚ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ, ಲೆಕ್ಕಕ್ಕೆ 7.2 ಯೂನಿಟ್. ಆದರೆ ದಿನಾ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅವು ಬಾಳಲ್ಲ. ನನಗೆ ಇದನ್ನು ಯಾರೂ ಹೇಳಲಿಲ್ಲ. ಇನ್ವರ್ಟರನ್ನು ಎಸ್‌ಬಿಯು ಅನ್ನೋ ಸೆಟ್ಟಿಂಗ್‌ನಲ್ಲಿ ಇಟ್ಟು ಹೋಗಿದ್ದರು. ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್. ಲೈನಿಗೆ ತಿರುಗೋದು 44 ವೋಲ್ಟ್‌ಗೆ ಇಳಿದ ಮೇಲೆ, ಅಂದರೆ ಬ್ಯಾಟರಿ ಹಿಂಡಿ ಹಿಪ್ಪೆ ಆದಮೇಲೆ. ಹೊರಗೆ ಲೈನ್ ಕರೆಂಟ್ ಇದ್ದರೂ ರಾತ್ರಿಯೆಲ್ಲಾ ಬ್ಯಾಟರಿಯಿಂದಲೇ ಎಳೀತಿತ್ತು. ಬೆಳಗಿನ ಜಾವ ಮೂರಕ್ಕೆ ಕೀಂ ಕೀಂ ಅಂತ ಕೂಗು. ಅಮ್ಮ ಅದನ್ನು ಅಲಾರಂ ಅಂದುಕೊಂಡಿದ್ದರು. 14 ತಿಂಗಳಿಗೆ ನಾಲ್ಕೂ ಗುಜರಿಗೆ ಹೋದವು.

ಹೊಸ ಬ್ಯಾಟರಿ ತಂದಮೇಲೆ ಸೆಟ್ಟಿಂಗ್ ನಾನೇ ಬದಲಾಯಿಸಿದೆ. ಬ್ಯಾಟರಿ ಈಗ ಕರೆಂಟ್ ಹೋದಾಗ ಮಾತ್ರ. ಮೋಟರ್, ಗ್ರೈಂಡರ್, ವಾಷಿಂಗ್ ಮೆಷಿನ್ ಎಲ್ಲಾ 11ರಿಂದ 3ರ ಒಳಗೆ.

ನೀವು ಒಂದು ವಾರ ಸಂಜೆ 6ಕ್ಕೆ, ಬೆಳಿಗ್ಗೆ 6ಕ್ಕೆ ಮೀಟರ್ ರೀಡಿಂಗ್ ಬರೆದಿಡಿ. ರಾತ್ರಿ ಎಷ್ಟು ಬೇಕು ಅನ್ನೋದು ಗೊತ್ತಾಗುತ್ತದೆ. ನೆಟ್ ಮೀಟರ್ ಸೇರಿದೆಯಾ ಅನ್ನೋದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ. ನಾನೀಗ ಇನ್ವರ್ಟರ್ ಬದಲಾಯಿಸಲು ಬೇರೆಯವರನ್ನು ಕರೆಸಿದ್ದೀನಿ. ಬಂದ ಹುಡುಗ ಟೇಪ್ ತೆಗೆಯುವ ಮೊದಲೇ 12 ತಿಂಗಳ ಬಿಲ್ ಕೈಗಿಟ್ಟೆ.